ಕೇಳಿದ್ದು ನೀರು, ಸುದ್ದಿಯಾದದ್ದು ಗಡಿ

2022ರ ಛಟ್ಟಿ ಅಮಾವಾಸ್ಯೆ ನವೆಂಬರ್ 23ರಂದು ಬಿದ್ದಿತ್ತು. ಜತ್ತ ತಾಲ್ಲೂಕಿನ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುವ ದಿನಗಳವು. ಯಾವ ಹೊಲದ ಬದುವಿನಲ್ಲಿ ಕರ್ನಾಟಕ ಮುಗಿದು ಮಹಾರಾಷ್ಟ್ರ ಆರಂಭವಾಯಿತೆಂದು ಪಾದಯಾತ್ರಿಗಳು ಲೆಕ್ಕ ಇಡುವುದಿಲ್ಲ. ದಾಸೋಹದಲ್ಲಿ ಬಡಿಸುವವರೂ ಎಲ್ಲಿಯವರೆಂದು ಕೇಳುವುದಿಲ್ಲ. ಅದೇ ದಿನ ಮಹಾರಾಷ್ಟ್ರದ ಅಂದಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ತಮ್ಮ ರಾಜ್ಯದ ಒಂದು ಹಳ್ಳಿಯೂ ಕರ್ನಾಟಕಕ್ಕೆ ಹೋಗದು ಎಂದು ಘೋಷಿಸಿದರು. ಜತ್ತ ತಾಲ್ಲೂಕಿನ ನಲವತ್ತು ಹಳ್ಳಿಗಳು ಕರ್ನಾಟಕ ಸೇರಲು ಹಿಂದೆಯೇ ಠರಾವು ಮಾಡಿವೆ, ಅದನ್ನು ಗಂಭೀರವಾಗಿ ಪರಿಶೀಲಿಸುತ್ತೇವೆ ಎಂದು ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಹೇಳಿದ ಮಾತಿಗೆ ಅದು ಉತ್ತರವಾಗಿತ್ತು. ಈ ಎರಡು ಮಾತುಗಳ ನಡುವೆ ಸಿಕ್ಕಿದ ಉಮದಿ, ಸಂಖ, ತಿಕ್ಕುಂಡಿ, ಮಾಡಗ್ಯಾಳಗಳ ಹೆಸರು, ಅವುಗಳನ್ನು ನಕಾಶೆಯಲ್ಲಿ ಗುರುತಿಸಲಾರದವರ ಬಾಯಲ್ಲೂ ಆ ವಾರ ಕೇಳಿಬಂತು.

ಹಳ್ಳಿಗಳು ಕೇಳಿದ್ದು ಏನು? ಫಡಣವೀಸರು ತಮ್ಮ ಉತ್ತರದಲ್ಲಿಯೇ ಅದನ್ನು ಹೇಳಿದ್ದರು. ಠರಾವು ಹೊಸದಲ್ಲ, 2012ರದು. ನೀರಿನ ಅಭಾವದಿಂದ ಬೇಸತ್ತು ಮಾಡಿದ್ದು. ಆ ವರ್ಷ ಮತ್ತು ಅದರ ಮರುವರ್ಷದ ಬರವನ್ನು ಪೂರ್ವ ಜತ್ತದ ಯಾವ ಮನೆಯೂ ಮರೆತಿಲ್ಲ. ಕುಡಿಯುವ ನೀರಿಗೆ ಟ್ಯಾಂಕರ್, ದನಗಳಿಗೆ ಮೇವಿನ ಛಾವಣಿ, ಕಬ್ಬು ಕಡಿಯುವ ಗ್ಯಾಂಗಿನ ಹಿಂದೆ ಶಾಲೆ ಬಿಟ್ಟು ಹೋದ ಮಕ್ಕಳು. ಕೃಷ್ಣೆ ಪಕ್ಕದ ಮಿರಜ ತಾಲ್ಲೂಕಿನಲ್ಲಿಯೇ ಹರಿಯುತ್ತಾಳೆ. ಮ್ಹೈಸಾಳದಿಂದ ಆಕೆಯ ನೀರನ್ನೆತ್ತಿ ಬರಪೀಡಿತ ಪೂರ್ವ ಭಾಗಕ್ಕೆ ಒಯ್ಯುವ ಯೋಜನೆಯೂ ಹಳೆಯದೇ. ಆದರೆ ಆ ನೀರು ತಾಲ್ಲೂಕಿನ ಪೂರ್ವದ ಕೊನೆಯ ಹಳ್ಳಿಗಳನ್ನು ಮುಟ್ಟಿರಲಿಲ್ಲ. ಗಡಿಯಾಚೆ, ಜಮಖಂಡಿ ತಾಲ್ಲೂಕಿನ ತುಬಚಿಯಲ್ಲಿ ಎತ್ತಿದ ಅದೇ ಕೃಷ್ಣೆಯ ನೀರು ಬಬಲೇಶ್ವರದ ಕಡೆಗೆ ಹರಿಯುವುದು ಈ ಊರುಗಳವರ ಕಣ್ಣಿಗೆ ಕಾಣುತ್ತಿತ್ತು.

ನೀರು ಬೇಕೆಂಬ ಅರ್ಜಿ ತಹಶೀಲ್ದಾರರ ಕಚೇರಿಯಿಂದ ಸಾಂಗ್ಲಿಗೆ, ಸಾಂಗ್ಲಿಯಿಂದ ಮುಂಬೈಗೆ ಹೋಗಿ ಕಡತ ಸೇರುತ್ತದೆ. ಅದೇ ಅರ್ಜಿಯ ಕೊನೆಯಲ್ಲಿ ‘ಇಲ್ಲವಾದರೆ ನಾವು ಕರ್ನಾಟಕಕ್ಕೆ ಹೋಗುತ್ತೇವೆ’ ಎಂಬ ಒಂದು ಸಾಲು ಸೇರಿದರೆ ಅದು ವಾರ್ತೆಯಾಗುತ್ತದೆ. ಹಳ್ಳಿಯ ಜನ ಇದನ್ನು ಅರಿತೇ ಠರಾವು ಮಾಡಿದರು ಎಂದರೆ ಅವರ ಜಾಣ್ಮೆಗೆ ಅಪಚಾರವಾಗದು. ದನಿ ಕೇಳಿಸದವನು ಕೇಳಿಸುವ ದನಿಯನ್ನು ಹುಡುಕಿಕೊಳ್ಳುತ್ತಾನೆ. ಆದರೆ ಹಾಗೆ ಹುಡುಕಿದ ದನಿ ಒಮ್ಮೆ ಊರು ಬಿಟ್ಟು ಹೊರಟಿತೆಂದರೆ ಅದು ಊರಿನದಾಗಿ ಉಳಿಯುವುದಿಲ್ಲ. ಹತ್ತು ವರ್ಷ ಕಡತದಲ್ಲಿ ಮಲಗಿದ್ದ ಠರಾವನ್ನು 2022ರಲ್ಲಿ ಎಬ್ಬಿಸಿದವರು ಪೂರ್ವ ಜತ್ತದ ರೈತರಲ್ಲ.

ಎಬ್ಬಿಸಿದ್ದಕ್ಕೆ ಕಾಲವೂ ಕೂಡಿಬಂದಿತ್ತು. ಗಡಿ ಕುರಿತು ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಆ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬರಬೇಕಿತ್ತು. ಕರ್ನಾಟಕದ ವಿಧಾನಸಭೆಗೆ ಚುನಾವಣೆ ಆರು ತಿಂಗಳಷ್ಟೇ ದೂರವಿತ್ತು. ಮಹಾರಾಷ್ಟ್ರದಲ್ಲಿ ಶಿವಸೇನೆ ಅದೇ ಜೂನ್‌ನಲ್ಲಿ ಒಡೆದು, ಬಿಲ್ಲು ಬಾಣದ ಗುರುತನ್ನು ಚುನಾವಣಾ ಆಯೋಗ ಅಕ್ಟೋಬರಿನಲ್ಲಿ ಮುಟ್ಟುಗೋಲು ಹಾಕಿ, ನಿಜವಾದ ಸೇನೆ ಯಾವುದೆಂಬ ಪ್ರಶ್ನೆ ಬೀದಿಯಲ್ಲಿ ನಿಂತಿತ್ತು. ಗಡಿಯ ಹೆಸರಿನಲ್ಲಿ ಹುಟ್ಟಿದ ಸಿಟ್ಟು ಆ ಪಕ್ಷದ ಮೊದಲ ಬಂಡವಾಳಗಳಲ್ಲಿ ಒಂದು. 1969ರ ಫೆಬ್ರವರಿಯಲ್ಲಿ ಬಾಳ ಠಾಕರೆ ಜೈಲು ಸೇರಿದ್ದು, ಮುಂಬೈ ಹೊತ್ತಿ ಉರಿದದ್ದು ಗಡಿ ಪ್ರಶ್ನೆಯ ಮೇಲೆಯೇ. ಆ ಬಂಡವಾಳ ಯಾರ ಪಾಲಿಗೆಂದು ಇಬ್ಬರು ದಾಯಾದಿಗಳು ಜಗಳವಾಡುವಾಗ ಇಬ್ಬರೂ ಮತ್ತೊಬ್ಬರಿಗಿಂತ ಗಟ್ಟಿಯಾಗಿ ಕೂಗಲೇಬೇಕಾಗುತ್ತದೆ. ಕರ್ನಾಟಕದಲ್ಲಿ ಮತ್ತು ಮಹಾರಾಷ್ಟ್ರದ ಆಡಳಿತ ಕೂಟದಲ್ಲಿ ಒಂದೇ ರಾಷ್ಟ್ರೀಯ ಪಕ್ಷವಿತ್ತು ಎಂಬುದೂ ಈ ಕೂಗನ್ನು ತಗ್ಗಿಸಲಿಲ್ಲ. ಬೆಂಗಳೂರಿನಲ್ಲಿ ಆಡಿದ್ದು ಬೆಂಗಳೂರಿನ ಕಿವಿಗೆ, ಮುಂಬೈಯಲ್ಲಿ ಆಡಿದ್ದು ಮುಂಬೈಯ ಕಿವಿಗೆ.

ಮುಂದಿನ ಐದು ವಾರಗಳಲ್ಲಿ ನಡೆದದ್ದನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಹರಾಜಿನ ಕೂಗಿನಂತೆ ತೋರುತ್ತದೆ. ಜತ್ತದ ಮಾತಿಗೆ ಪ್ರತಿಮಾತು ಬಂದೊಡನೆ ಬೊಮ್ಮಾಯಿಯವರು ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಪ್ರದೇಶವೂ ಕರ್ನಾಟಕಕ್ಕೆ ಸೇರಬೇಕೆಂದರು. ಮಹಾರಾಷ್ಟ್ರ ಗಡಿ ವ್ಯವಹಾರಕ್ಕೆಂದು ನೇಮಿಸಿದ ಇಬ್ಬರು ಸಚಿವರು, ಚಂದ್ರಕಾಂತ ಪಾಟೀಲ ಮತ್ತು ಶಂಭುರಾಜ ದೇಸಾಯಿ, ಡಿಸೆಂಬರ್ 3ರಂದು ಬೆಳಗಾವಿಗೆ ಬರುತ್ತೇವೆಂದರು. ದಿನವನ್ನು 6ಕ್ಕೆ ಮುಂದೂಡಿದರು. ಕೊನೆಗೆ ಬರಲೇ ಇಲ್ಲ. ಬಾರದ ಭೇಟಿ ಬಂದ ಭೇಟಿಗಿಂತ ಹೆಚ್ಚು ದಿನ ಸುದ್ದಿಯಲ್ಲಿ ಉಳಿಯಿತು. ಡಿಸೆಂಬರ್ 6ರಂದು ಬೆಳಗಾವಿ ಬಳಿಯ ಹಿರೇಬಾಗೇವಾಡಿ ಟೋಲ್ ನಾಕೆಯಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಶರದ ಪವಾರರು ಗಡುವು ನೀಡಿ, ಪರಿಸ್ಥಿತಿ ತಿಳಿಯಾಗದಿದ್ದರೆ ತಾವೇ ಬೆಳಗಾವಿಗೆ ಹೋಗಬೇಕಾದೀತೆಂದರು. ಸಂಜಯ ರಾವುತರು ಚೀನಾ ನಮ್ಮ ಗಡಿಯೊಳಗೆ ನುಗ್ಗಿದ ಹಾಗೆ ತಾವೂ ಕರ್ನಾಟಕದೊಳಗೆ ನುಗ್ಗುವುದಾಗಿ ಹೇಳಿದರು. ಒಂದೇ ದೇಶದ ಎರಡು ರಾಜ್ಯಗಳ ನಡುವಣ ಮಾತಿಗೆ ಈ ಉಪಮೆ ಎಲ್ಲಿಂದ ಒದಗಿತೋ!

ಒಂದು ಕೂಗಿಗೆ ಮತ್ತೊಂದು ಕೂಗು ಯಾಕೆ ದೊಡ್ಡದಾಗಿಯೇ ಇರಬೇಕು ಎಂಬುದನ್ನು ಅರಿಯಲು ವಾರ್ತಾವಾಹಿನಿಯ ದಿನಚರಿಯನ್ನು ನೋಡಬೇಕು. ಇಪ್ಪತ್ತನಾಲ್ಕು ಗಂಟೆ ತುಂಬಬೇಕಾದ ಪರದೆಗೆ ಕಾಲುವೆಯ ಚಿತ್ರ ಸಾಲದು. ಖಾಲಿ ಕಾಲುವೆ ನಿನ್ನೆಯೂ ಖಾಲಿ, ಇಂದೂ ಖಾಲಿ. ಮಸಿ ಬಳಿದ ಬಸ್ಸಿಗೆ ಬಣ್ಣವಿದೆ, ಗದ್ದಲವಿದೆ, ಶತ್ರುವಿದ್ದಾನೆ. ನಿನ್ನೆ ಬಸ್ಸಿಗೆ ಮಸಿ ಬಳಿದವನು ಇಂದೂ ಮಸಿಯನ್ನೇ ಬಳಿದರೆ ಛಾಯಾಗ್ರಾಹಕ ಬರುವುದಿಲ್ಲ. ಆದ್ದರಿಂದ ಇಂದು ಕಲ್ಲು. ಸಂಖ್ಯೆಯಲ್ಲಿ ಚಿಕ್ಕದಾದ ಸಂಘಟನೆಗೆ ಇದು ಅಗ್ಗದ ದಾರಿ. ಲಕ್ಷ ಜನರನ್ನು ಕೂಡಿಸಲಾರದವರು ಇಪ್ಪತ್ತು ಜನ, ಒಂದು ಡಬ್ಬಿ ಬಣ್ಣ ಮತ್ತು ಒಂದು ಕ್ಯಾಮೆರಾದಿಂದ ಅದೇ ಫಲ ಪಡೆಯಬಹುದು. ಗಡಿಯ ಎರಡೂ ಕಡೆಯ ಸಂಘಟನೆಗಳಿಗೆ ಇದು ಸಮನಾಗಿ ಅನ್ವಯಿಸುತ್ತದೆ. ಕನ್ನಡದ ಹೆಸರು ಹೇಳಿದ ಮಾತ್ರಕ್ಕೆ ಕಲ್ಲು ಹೂವಾಗದು.

ಬೆಳಗಾವಿ ಈ ವಿದ್ಯೆಯ ಹಳೆಯ ಪಾಠಶಾಲೆ. ನವೆಂಬರ್ 1 ಒಂದು ಕಡೆ ರಾಜ್ಯೋತ್ಸವ, ಅದೇ ದಿನ ಮಹಾರಾಷ್ಟ್ರ ಏಕೀಕರಣ ಸಮಿತಿಗೆ ಕರಾಳ ದಿನ. ಕರ್ನಾಟಕ 2006ರಲ್ಲಿ ಅಲ್ಲಿ ವಿಧಾನಮಂಡಲದ ಅಧಿವೇಶನ ನಡೆಸತೊಡಗಿ, 2012ರಲ್ಲಿ ಸುವರ್ಣ ವಿಧಾನಸೌಧವನ್ನೇ ಕಟ್ಟಿ ನಿಲ್ಲಿಸಿದ ಮೇಲೆ ಅಧಿವೇಶನದ ಎದುರಿಗೆ ಸಮಿತಿಯ ಮಹಾಮೇಳಾವ. ಒಬ್ಬರ ಹಬ್ಬವೇ ಇನ್ನೊಬ್ಬರ ಸೂತಕ. ಎರಡೂ ಒಂದೇ ದಿನ, ಒಂದೇ ಊರಿನಲ್ಲಿ ಇರಬೇಕು. ಯಾಕೆಂದರೆ ಕ್ಯಾಮೆರಾಗಳು ಅಂದು ಅಲ್ಲಿಯೇ ಇರುತ್ತವೆ. ಇಷ್ಟಾದರೂ 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಸಮಿತಿಗೆ ಒಂದು ಸ್ಥಾನವೂ ದಕ್ಕಲಿಲ್ಲ. ಗಮನ ಸೆಳೆಯುವುದೂ ಮತ ಸೆಳೆಯುವುದೂ ಒಂದೇ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಡಿಸೆಂಬರ್ 14ರಂದು ಕೇಂದ್ರ ಗೃಹಸಚಿವ ಅಮಿತ್ ಶಾ ಅವರು ಇಬ್ಬರು ಮುಖ್ಯಮಂತ್ರಿಗಳನ್ನೂ ದೆಹಲಿಗೆ ಕರೆಸಿಕೊಂಡರು. ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡುವವರೆಗೆ ಯಾರೂ ಯಾರ ನೆಲದ ಮೇಲೂ ಹಕ್ಕು ಸಾಧಿಸಬಾರದು, ಎರಡೂ ರಾಜ್ಯಗಳ ಮೂವರು ಮೂವರು ಸಚಿವರ ಸಮಿತಿ ಕೂಡಬೇಕು ಎಂದು ಒಪ್ಪಂದವಾಯಿತು. ನಾಯಕರ ಹೆಸರಿನಲ್ಲಿ ತೆರೆದ ನಕಲಿ ಟ್ವಿಟರ್ ಖಾತೆಗಳು ಬೆಂಕಿಗೆ ತುಪ್ಪ ಸುರಿದವೆಂಬ ಮಾತೂ ಅಲ್ಲಿ ಬಂತು. ಆದರೆ ಆ ಒಪ್ಪಂದದ ಶಾಯಿ ಒಣಗುವ ಮುನ್ನವೇ, ಡಿಸೆಂಬರ್ 22ರಂದು ಕರ್ನಾಟಕದ ವಿಧಾನಮಂಡಲ ಬೆಳಗಾವಿಯಲ್ಲಿ ಒಂದಿಂಚು ನೆಲವನ್ನೂ ಬಿಡೆವೆಂದು ಠರಾವು ಮಾಡಿತು. ಐದೇ ದಿನಗಳಲ್ಲಿ, 27ರಂದು, ಮಹಾರಾಷ್ಟ್ರದ ವಿಧಾನಮಂಡಲ ನಾಗಪುರದಲ್ಲಿ ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ, ಭಾಲ್ಕಿ ಹಾಗೂ 865 ಹಳ್ಳಿಗಳ ಪ್ರತಿ ಇಂಚೂ ತಮ್ಮದೆಂದು ಠರಾವು ಮಾಡಿತು. ಎರಡೂ ಸರ್ವಾನುಮತದವು. ನಕಲಿ ಖಾತೆಗಳನ್ನು ಮುಚ್ಚಿಸಬಹುದಿತ್ತು. ಈ ಅಸಲಿ ಠರಾವುಗಳನ್ನು ಏನು ಮಾಡುವುದು?

ಠರಾವುಗಳ ಕಾನೂನಿನ ತೂಕವನ್ನು ಇಲ್ಲಿ ಒಮ್ಮೆ ತೂಗಿ ನೋಡಬೇಕು. ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರ ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತಿಗೆ ಮಾತ್ರ ಇದೆ. ಅದಕ್ಕಾಗಿ ಮಸೂದೆ ಬಂದಾಗ ರಾಷ್ಟ್ರಪತಿಗಳು ಸಂಬಂಧಿಸಿದ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು. ಕೇಳಿದ ಅಭಿಪ್ರಾಯಕ್ಕೆ ಸಂಸತ್ತು ಬದ್ಧವಲ್ಲ. ಇದನ್ನು ಸರ್ವೋಚ್ಚ ನ್ಯಾಯಾಲಯ ಬಾಬುಲಾಲ್ ಪರಾಟೆ ಪ್ರಕರಣದಲ್ಲಿ 1959ರಷ್ಟು ಹಿಂದೆಯೇ ಇತ್ಯರ್ಥ ಮಾಡಿದೆ. ಆ ಪ್ರಕರಣ ಹುಟ್ಟಿದ್ದು ಕೂಡ ಮುಂಬೈ ರಾಜ್ಯದ ವಿಂಗಡಣೆಯಿಂದಲೇ. ವಿಧಾನಮಂಡಲದ ಮಾತಿಗೇ ಇಷ್ಟು ತೂಕವಾದರೆ ಗ್ರಾಮ ಪಂಚಾಯಿತಿಯ ಠರಾವಿನಿಂದ ಒಂದು ಗುಂಟೆ ನೆಲವೂ ರಾಜ್ಯ ಬದಲಿಸದು. ಇದು ಬೊಮ್ಮಾಯಿಯವರಿಗೂ ಗೊತ್ತಿತ್ತು, ಫಡಣವೀಸರಿಗೂ ಗೊತ್ತಿತ್ತು; ಫಡಣವೀಸರಂತೂ ಕಾನೂನು ಪದವೀಧರರು.

ಇನ್ನೂ ಒಂದು ಸಂಗತಿಯಿದೆ. ಪರದೆಯ ಮೇಲಿನ ಚರ್ಚೆಯಲ್ಲಿ ಅದಕ್ಕೆ ಜಾಗ ಸಿಗುವುದು ಕಡಿಮೆ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಆಯೋಗ 1967ರಲ್ಲಿ ವರದಿ ಕೊಟ್ಟಾಗ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕೆಂದಿತು. ಬೆಳಗಾವಿ ಕರ್ನಾಟಕದಲ್ಲಿಯೇ ಉಳಿಯಬೇಕೆಂದಿತು. ಕರ್ನಾಟಕಕ್ಕೆ ಎಂದವುಗಳಲ್ಲಿ ಜತ್ತ ತಾಲ್ಲೂಕಿನ ಹಳ್ಳಿಗಳೂ ಇದ್ದವು. ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು. ಹಳ್ಳಿಯನ್ನೇ ಘಟಕವಾಗಿ ಹಿಡಿದು, ಅಲ್ಲಿನ ಬಹುಸಂಖ್ಯಾತರ ಭಾಷೆಯನ್ನು ನೋಡಿ ಗಡಿ ಎಳೆಯಬೇಕೆಂಬುದು ಅದರ ವಾದ. ಆ ಅಳತೆಗೋಲನ್ನು ಬೆಳಗಾವಿಯ ಹಳ್ಳಿಗಳಿಂದ ತಂದು ಪೂರ್ವ ಜತ್ತದಲ್ಲಿ ಹಿಡಿದರೆ, ಇಲ್ಲಿಯ ಕನ್ನಡ ಹಳ್ಳಿಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಕರ್ನಾಟಕದ ಪಾಡೂ ಅಷ್ಟೇ. 1956ರಲ್ಲಿ ಸಂಸತ್ತು ಎಳೆದ ಗೆರೆಯನ್ನು ದಾವೆ ಹೂಡಿ ಕದಲಿಸಲಾಗದು ಎಂದು ನ್ಯಾಯಾಲಯದಲ್ಲಿ ವಾದಿಸುವವರು, ಅದೇ ಗೆರೆಯನ್ನು ಜತ್ತದಲ್ಲಿ ಒಂದು ಪಂಚಾಯಿತಿ ಠರಾವಿನ ಬಲದಿಂದ ದಾಟಲು ಹೊರಟಂತಾಯಿತು. ಬೆಳಗಾವಿಯಲ್ಲಿ ಆಡುವ ವಾದ ಜತ್ತದಲ್ಲಿ ಆಡಿದವರನ್ನೇ ಕಚ್ಚುತ್ತದೆ. ಹಾಗಾಗಿಯೇ ಎರಡೂ ಸರ್ಕಾರಗಳಿಗೆ ಜತ್ತವು ನ್ಯಾಯಾಲಯದಲ್ಲಿ ಹೇಳುವ ಊರಲ್ಲ, ಸಭೆಯಲ್ಲಿ ಹೇಳುವ ಊರು.

ಹಾಗಾದರೆ ಆ ಐದು ವಾರಗಳ ಗದ್ದಲದಿಂದ ಜತ್ತಕ್ಕೆ ಏನೂ ಬರಲಿಲ್ಲವೆ? ಬಂತು. ಡಿಸೆಂಬರ್ ಆರಂಭದಲ್ಲಿಯೇ ತುಬಚಿ–ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ತಿಕ್ಕುಂಡಿಯ ಕೆರೆಗೆ ಹರಿಯಿತು. ಅತ್ತ ಮಹಾರಾಷ್ಟ್ರ ಸರ್ಕಾರ ವಿಸ್ತರಿತ ಮ್ಹೈಸಾಳ ಯೋಜನೆಯನ್ನು ಕೈಗೆತ್ತಿಕೊಂಡು ಸುಮಾರು 2000 ಕೋಟಿ ರೂಪಾಯಿಯ ಮಾತಾಡಿತು. ಗದ್ದಲವಿಲ್ಲದೆ ಹತ್ತು ವರ್ಷದಲ್ಲಿ ಆಗದ್ದು ಗದ್ದಲದಿಂದ ಹತ್ತು ದಿನದಲ್ಲಿ ಚಲಿಸಿತು ಎಂದು ರೈತನೊಬ್ಬ ಹೇಳಿದರೆ ಅವನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಅವನಿಗೂ ಹಳೆಯ ನೆನಪಿದೆ. 2019ರ ಅಕ್ಟೋಬರಿನಲ್ಲಿ, ಮಹಾರಾಷ್ಟ್ರದ ವಿಧಾನಸಭಾ ಚುನಾವಣೆಯ ಪ್ರಚಾರಕ್ಕೆ ಬಂದ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಇದೇ ಜತ್ತದಲ್ಲಿ ಇದೇ ತುಬಚಿ–ಬಬಲೇಶ್ವರದ ನೀರು ಕೊಡುವ ಭರವಸೆ ಇತ್ತಿದ್ದರು. ನಮ್ಮ ನೀರನ್ನು ಪರರಾಜ್ಯಕ್ಕೆ ಕೊಡುವರೆಂದು ಆಗ ಕರ್ನಾಟಕದಲ್ಲಿ ವಿರೋಧ ಪಕ್ಷ ಗದ್ದಲ ಎಬ್ಬಿಸಿತ್ತು. ಎರಡು ರಾಜ್ಯಗಳು ಕೂತು, ಇಷ್ಟು ನೀರು ಅಲ್ಲಿಂದ ಇಲ್ಲಿಗೆ, ಬೇಸಿಗೆಯಲ್ಲಿ ಕೊಯ್ನಾದಿಂದ ಇಷ್ಟು ಇಲ್ಲಿಂದ ಅಲ್ಲಿಗೆ ಎಂದು ಬರೆದು ಸಹಿ ಹಾಕಬೇಕಾದ ಕೆಲಸವಿದು. ಅದಕ್ಕೆ ಮಸಿಯೂ ಬೇಡ, ಬಾವುಟವೂ ಬೇಡ. ಲೆಕ್ಕ ಬಲ್ಲ ನಾಲ್ಕು ಜನ ಎಂಜಿನಿಯರರು ಸಾಕು. ಎಂಜಿನಿಯರರು ಮೇಜಿನ ಸುತ್ತ ಕೂತ ದೃಶ್ಯವನ್ನು ಯಾವ ವಾಹಿನಿ ತೋರಿಸೀತು?

ಕನ್ನಡ ಶಾಲೆಗಳ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಜತ್ತದ ಮೇಲೆ ಹಕ್ಕಿನ ಮಾತಾಡಿದ ದಿನಗಳಲ್ಲಿಯೇ ಬೊಮ್ಮಾಯಿಯವರು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನ ಕೊಡುವುದಾಗಿ ಹೇಳಿದ್ದರು. ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೆ ನೆರವಾಗುವುದು ಕರ್ನಾಟಕಕ್ಕೆ ಹೊಸದಲ್ಲ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೆಂಬುದೇ ಇದೆ. ಆದರೆ ನೆರವಿನ ಮಾತೂ ನೆಲದ ಮಾತೂ ಒಂದೇ ಉಸಿರಿನಲ್ಲಿ ಹೊರಟಾಗ ಕೆಡುವುದು ಶಾಲೆಯ ಹೆಸರು. ಜಿಲ್ಲಾ ಪರಿಷತ್ತಿನ ಶಾಲೆಗೆ ಕನ್ನಡ ಬಲ್ಲ ಶಿಕ್ಷಕ ಬೇಕೆಂದು ಅರ್ಜಿ ಹಿಡಿದು ನಿಂತ ಪಾಲಕನನ್ನು, ಆ ತಿಂಗಳು, ಕಚೇರಿಯವರು ಯಾವ ಕಣ್ಣಿನಿಂದ ನೋಡಿದ್ದಾರು? ಅವನು ಕೇಳುವುದು ತನ್ನ ಮಗುವಿಗೆ ಪಾಠ. ಕೇಳಿಸುವುದು ಮಾತ್ರ ಮತ್ತೊಂದು ರಾಜ್ಯದ ಪರ ಘೋಷಣೆ.

ಈ ಗೊಂದಲ ತಪ್ಪಬೇಕಾದರೆ ಪಾಲಕರು ಒಂದು ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಕನ್ನಡ ಶಾಲೆಯ ಹಕ್ಕು ಗಡಿ ದಾವೆಯ ಮೇಲೆ ನಿಂತಿಲ್ಲ. ಜತ್ತ ಮಹಾರಾಷ್ಟ್ರದಲ್ಲಿರುವುದರಿಂದಲೇ ಇಲ್ಲಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಆದ್ದರಿಂದಲೇ ಅವರಿಗೆ ಸಂವಿಧಾನದ 29 ಮತ್ತು 30ನೆಯ ವಿಧಿಗಳ ರಕ್ಷಣೆ ಇದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸುವ ಯತ್ನ ಮಾಡಬೇಕೆಂದು 350-ಎ ವಿಧಿ ಪ್ರತಿ ರಾಜ್ಯಕ್ಕೂ ಹೇಳುತ್ತದೆ. ತರಗತಿಯೊಂದರಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕನನ್ನು ಕೊಡಬೇಕೆಂಬ ಸೂತ್ರವನ್ನು 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವೇ ಒಪ್ಪಿತ್ತು; ಮುಂದೆ ಅದು 1956ರ ಕೇಂದ್ರದ ಜ್ಞಾಪನಪತ್ರದಲ್ಲಿ ಸೇರಿತು. ತಾಲ್ಲೂಕಿನ ಜನಸಂಖ್ಯೆಯಲ್ಲಿ ಶೇ. 15ಕ್ಕಿಂತ ಹೆಚ್ಚು ಜನ ಆಡುವ ಭಾಷೆಯಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳು ಬರಬೇಕೆಂಬುದೂ ಹಾಗೆಯೇ ಒಪ್ಪಿತವಾದ ಮಾತು. ಇವು ನ್ಯಾಯಾಲಯದಲ್ಲಿ ಕೂಡಲೇ ಜಾರಿಯಾಗುವ ಕಟ್ಟಳೆಗಳಲ್ಲ, ಸರ್ಕಾರಗಳು ತಾವೇ ಕೊಟ್ಟ ಮಾತುಗಳು. ಅರ್ಜಿಯಲ್ಲಿ ಉಲ್ಲೇಖಿಸಲು ಅಷ್ಟು ಸಾಕು. ಭಾಷಾ ಅಲ್ಪಸಂಖ್ಯಾತರ ಆಯುಕ್ತರೆಂಬ ಅಧಿಕಾರಿಯೂ 350-ಬಿ ವಿಧಿಯಂತೆ ಇದ್ದಾರೆ. ಅವರಿಗೆ ಅಂಚೆಯಲ್ಲಿ ಕಳಿಸಿದ ಮನವಿಗೆ ಮೋರ್ಚಾ ಬೇಡ.

ಮರಾಠಿಯ ಮಾತಿಗೂ ಇಲ್ಲಿಯೇ ಉತ್ತರವಿದೆ. ಇತರ ಮಾಧ್ಯಮದ ಶಾಲೆಗಳಲ್ಲಿ ಮರಾಠಿ ಕಡ್ಡಾಯ ಮಾಡುವ ಅಧಿಕಾರ ಮಹಾರಾಷ್ಟ್ರಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಉಷಾ ಮೆಹತಾ ಪ್ರಕರಣದಲ್ಲಿ ಹೇಳಿದೆ. ಜತ್ತದ ಕನ್ನಡ ಮಕ್ಕಳಿಗೆ ಅದು ಹೊರೆಯೆಂದು ಅನ್ನಿಸಿದ್ದೂ ಇಲ್ಲ; ಸಂತೆಯಲ್ಲಿ, ಎಸ್‌ಟಿ ಬಸ್ಸಿನಲ್ಲಿ, ತಲಾಠಿಯ ಮುಂದೆ ಬೇಕಾಗುವ ಭಾಷೆ ಅದು. 2025ರಲ್ಲಿ ಒಂದನೆಯ ತರಗತಿಯಿಂದ ಹಿಂದಿ ಎಂಬ ಆದೇಶ ಹೊರಟು, ಮುಂಬೈಯಲ್ಲಿ ಕೋಲಾಹಲವಾಗಿ, ಜೂನ್ 29ರಂದು ಆದೇಶ ಹಿಂದೆ ಸರಿದು, ಜುಲೈ 5ರಂದು ವರ್ಷಗಳ ಮುನಿಸು ಬಿಟ್ಟು ಉದ್ಧವ ಮತ್ತು ರಾಜ ಠಾಕರೆ ಒಂದೇ ವೇದಿಕೆ ಏರಿದರು. ಚಿಕ್ಕ ಮಗುವಿಗೆ ಮೂರು ಭಾಷೆ ಹೆಚ್ಚಾಯಿತೇ ಎಂದು ಮಹಾರಾಷ್ಟ್ರವೆಲ್ಲ ಚರ್ಚಿಸಿತು. ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಒಂದನೆಯ ತರಗತಿಯಿಂದಲೇ ಕಲಿಯುತ್ತಿರುವ ಮಗು ಸಂಖದಲ್ಲಿಯೂ ಉಮದಿಯಲ್ಲಿಯೂ ಇದೆಯೆಂದು ಆ ಚರ್ಚೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅದರ ಅನುಭವವನ್ನು ಕೇಳಿದ್ದರೆ ಎರಡೂ ಪಕ್ಷಕ್ಕೆ ಪ್ರಯೋಜನವಾಗುತ್ತಿತ್ತು. ಆ ಮಗುವಿನ ಚೀಲದಲ್ಲಿರುವ ಕನ್ನಡ ಪಠ್ಯಪುಸ್ತಕವನ್ನು ಅಚ್ಚು ಹಾಕಿಸುವುದು ಪುಣೆಯ ಬಾಲಭಾರತಿ, ಅಂದರೆ ಮಹಾರಾಷ್ಟ್ರ ಸರ್ಕಾರದ್ದೇ ಸಂಸ್ಥೆ.

ಗದ್ದಲದ ಬೆಲೆಯನ್ನು ಮೊದಲು ತೆರುವವರು ಯಾರೆಂಬುದು 2025ರ ಫೆಬ್ರವರಿಯಲ್ಲಿ ಮತ್ತೆ ಕಂಡಿತು. ಬೆಳಗಾವಿ ಬಳಿ ಕರ್ನಾಟಕದ ಬಸ್ ಕಂಡಕ್ಟರೊಬ್ಬರ ಮೇಲೆ ಭಾಷೆಯ ನೆಪದಲ್ಲಿ ಹಲ್ಲೆಯಾಯಿತು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿಗೂ ಚಾಲಕನಿಗೂ ಮಸಿ ಬಳಿದರು. ಮಹಾರಾಷ್ಟ್ರದಲ್ಲಿ ಕರ್ನಾಟಕದ ಬಸ್ಸುಗಳಿಗೆ ಅದೇ ಗತಿಯಾಯಿತು. ಮಾರ್ಚ್ 22ರಂದು ಕರ್ನಾಟಕ ಬಂದ್ ಕೂಡ ಆಯಿತು. ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳು ಕೆಲವು ದಿನ ಬಸ್ಸುಗಳನ್ನು ನಿಲ್ಲಿಸಿದವು, ಕೆಲವನ್ನು ಗಡಿಯವರೆಗೆ ಮಾತ್ರ ಓಡಿಸಿದವು. ವಿಜಯಪುರದ ಆಸ್ಪತ್ರೆಗೆ, ಅಥಣಿಯ ಬೀಗರ ಮನೆಗೆ, ಕಾಲೇಜಿನ ಪರೀಕ್ಷೆಗೆ ಹೋಗಬೇಕಾದವರಿಗೆ ಗಡಿಯೆಂಬುದು ಆ ದಿನಗಳಲ್ಲಿ ನಿಜವಾಗಿ ಕಣ್ಣಿಗೆ ಕಂಡಿತು: ಈಚೆ ಒಂದು ಬಸ್ಸು, ಆಚೆ ಒಂದು ಬಸ್ಸು, ನಡುವೆ ಗಂಟು ಹೊತ್ತು ನಡೆಯಬೇಕಾದ ದಾರಿ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ನಡೆದು ಬರುವವರಂತೆ ಇವರು ಹರಕೆ ಹೊತ್ತು ನಡೆದವರಲ್ಲ.